ಒಡೆಯನ ಪಾಲಿನ ವ್ರತ

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ತೋಟದ ಕೆಲಸ ಅರ್ಧಕ್ಕರ್ಧ ನಿಲ್ಲುತ್ತದೆ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆಯುವುದು, ಅಟ್ಟದಿಂದ ಅಳಗುಳಿಮಣೆ ಇಳಿಸುವುದು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಈ ಆಟಗಳಲ್ಲಿ ಕಾಯಿಗೆ ಮನಸ್ಸಿಲ್ಲ. ಆಡುವವನು ನಡೆಸಿದಲ್ಲಿಗೆ ಅದು ನಡೆಯುತ್ತದೆ; ಎದುರಾಳಿ ಹೊಡೆದರೆ ಸಾಯುತ್ತದೆ; ಕವಡೆ ಒಲಿದರೆ ಮರಳಿ ಹುಟ್ಟುತ್ತದೆ. ತನ್ನನ್ನು ಸಾವಿನ ಮನೆಗೆ ಏಕೆ ನೂಕಿದೆ ಎಂದು ಯಾವ ಕಾಯಿಯೂ ಕೇಳಿದ್ದಿಲ್ಲ.

ಕೇಳುವ ಕಾಯಿಗಳುಳ್ಳ ಆಟವೊಂದು 1974ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಅದರ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬನು ಕಥೆ ನಡೆಸುತ್ತಾನೆ. ಸಂದೇಹದ ಸಂದರ್ಭದಲ್ಲಿ ದಾಳ ನಿರ್ಣಯಿಸುತ್ತದೆ. ಕತ್ತಲೆಯ ಗುಹೆಗಳಿಗೆ ಇಳಿಯುವ ಈ ವೀರರು ತಮ್ಮೊಡನೆ ಸಂಬಳದ ಸೇವಕರನ್ನು, ಪಂಜು ಹಿಡಿಯುವವರನ್ನು, ನೆಚ್ಚಿನ ಬಂಟರನ್ನು ಕರೆದೊಯ್ಯಬಹುದು. ಹೀಗಾಗಿ ಬಂಟನ ನಿಷ್ಠೆಯನ್ನು ಅಳೆಯುವುದು ಹೇಗೆ ಎಂಬುದಕ್ಕೂ ನಿಯಮಗಳನ್ನು ಬರೆಯಬೇಕಾಯಿತು.

ಆ ನಿಯಮಗಳು ಬಾಲಿಶವಲ್ಲ. 1981ರ ಆವೃತ್ತಿಯಲ್ಲಿ ಪ್ರತಿಯೊಬ್ಬ ವೀರನೂ ಇರಿಸಿಕೊಳ್ಳಬಹುದಾದ ಬಂಟರ ಸಂಖ್ಯೆಗೆ ಮಿತಿಯಿದೆ. ಜನರನ್ನು ಒಲಿಸಿಕೊಳ್ಳುವ ಗುಣ ತೀರ ಕಡಿಮೆಯಿದ್ದವನಿಗೆ ಒಬ್ಬನೇ ಬಂಟ. ಆ ಗುಣ ತುಂಬಿದ್ದವನಿಗೂ ಏಳಕ್ಕಿಂತ ಹೆಚ್ಚಿಲ್ಲ. ಒಂದೊಂದು ಸಾಹಸ ಮುಗಿದ ಬಳಿಕ ಎರಡು ದಾಳ ಉರುಳಿಸಿ, ಬಂಟನು ಮುಂದೆಯೂ ಜೊತೆಗಿರುವನೋ ಬಿಟ್ಟುಹೋಗುವನೋ ಎಂದು ನೋಡಬೇಕು. ಒಡೆಯನು ಚೆನ್ನಾಗಿ ನಡೆಸಿಕೊಂಡಿದ್ದರೆ ಬಂಟನ ಸ್ಥೈರ್ಯದ ಅಂಕೆಯನ್ನು ಏರಿಸಬಹುದು, ಕ್ರೌರ್ಯ ತೋರಿದ್ದರೆ ಇಳಿಸಬಹುದು. 2000ದಲ್ಲಿ ಬಂದ ಆವೃತ್ತಿ ಇನ್ನೂ ಕಟುವಾಗಿದೆ: ತನ್ನ ಆಪ್ತ ಬಂಟನ ಸಾವಿಗೆ ಕಾರಣನಾದ ನಾಯಕನ ಯೋಗ್ಯತೆಯಿಂದ ಎರಡು ಅಂಕ ಕಳೆಯಬೇಕು, ಹಾಗೆ ಸತ್ತ ಒಬ್ಬೊಬ್ಬನಿಗೂ ಎರಡೆರಡು. ಸತ್ತವನ ನಿಷ್ಠೆ ಎಷ್ಟು ದೊಡ್ಡದಿತ್ತೆಂಬುದನ್ನು ಆ ನಿಯಮ ಕೇಳುವುದಿಲ್ಲ. ಸಾಯಿಸಿದವನ ಲೆಕ್ಕವನ್ನಷ್ಟೇ ಬರೆದಿಡುತ್ತದೆ.

ವಿನೋದಕ್ಕೆಂದು ಹುಟ್ಟಿದ ಆಟದ ಈ ಸಣ್ಣ ವಿವರವನ್ನು ಧರ್ಮಚಿಂತನೆಯ ಪುಟಗಳಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಸ್ವಾಮಿನಿಷ್ಠೆಯ ವಿಷಯದಲ್ಲಿ ಕನ್ನಡ ನಾಡು ಜಗತ್ತಿನ ಯಾವ ನಾಡಿಗೂ ಹಿಂದೆ ಬಿದ್ದದ್ದಲ್ಲ. ಕಟ್ಟಳೆಗಳನ್ನೂ ಅದು ಕಲ್ಲಿನಲ್ಲಿ ಕೊರೆದಿಟ್ಟಿದೆ. ಆದರೆ ಆ ಕಟ್ಟಳೆಗಳು ಬಹುಮಟ್ಟಿಗೆ ಒಂದೇ ಪಕ್ಷದವು.

ಶಾಸನಗಳಲ್ಲಿ ‘ಜೋಳವಾಳಿ’, ‘ವೇಳೆವಾಳಿ’, ‘ಲೆಂಕವಾಳಿ’ ಎಂಬ ಮಾತುಗಳು ಬರುತ್ತವೆ. ಡಾ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಇವುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಪಾಳಿ ಎಂದರೆ ಕಟ್ಟಳೆ, ಧರ್ಮ. ಒಡೆಯನ ಜೋಳವನ್ನು ಉಂಡವನು ಆ ಅನ್ನದ ಋಣವನ್ನು ಯುದ್ಧದಲ್ಲಿ ಪ್ರಾಣ ಕೊಟ್ಟು ತೀರಿಸುವುದು ಜೋಳವಾಳಿ. ವೇಳೆ ಬಂದಾಗ, ಎಂದರೆ ಒಡೆಯನು ಸತ್ತಾಗ, ತಾನೂ ಸಾಯುವೆನೆಂದು ಮೊದಲೇ ಪ್ರತಿಜ್ಞೆ ಮಾಡಿ ಅದರಂತೆ ನಡೆಯುವುದು ವೇಳೆವಾಳಿ. ಲೆಂಕನೆಂದರೆ ಹೀಗೆ ತನ್ನನ್ನು ಒಪ್ಪಿಸಿಕೊಂಡ ಸೇವಕ. ಇನ್ನೂ ಹಳೆಯ ಪದ್ಧತಿ ‘ಕೀಳ್ಗುಂಠೆ’: ಒಡೆಯನ ಸಮಾಧಿಯಲ್ಲಿ ಅವನ ಕೆಳಗೆ ತಾನು ಹೂಳಿಸಿಕೊಳ್ಳುವುದು. ಸುಮಾರು 870ರಲ್ಲಿ ಗಂಗ ದೊರೆ ನೀತಿಮಾರ್ಗನು ತೀರಿಕೊಂಡಾಗ ಅವನ ಮನೆಯ ಸೇವಕ ಅಗರಯ್ಯನು ಕೀಳ್ಗುಂಠೆಯಾದನೆಂದು ದೊಡ್ಡಹುಂಡಿಯ ಕಲ್ಲು ತಿಳಿಸುತ್ತದೆ. ಶಯ್ಯೆಯ ಮೇಲೆ ಒರಗಿದ ಅರಸ, ಪಕ್ಕದಲ್ಲಿ ಅವನನ್ನು ಆತುಕೊಂಡಿರುವ ಅಗರಯ್ಯ: ಆ ಕಲ್ಲಿನ ಶಿಲ್ಪ ನೋಡಿದವರಿಗೆ ಮರೆಯುವುದಿಲ್ಲ.

ಕಾಫಿಯ ಬೆಟ್ಟಗಳಿಗೆ ಈ ಕಥೆ ದೂರದ್ದಲ್ಲ. ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ. ತೋಟಗಳ ನಡುವೆ ಅಲ್ಲಿ ಪ್ರಾಚೀನ ಬಸದಿಗಳಿವೆ, ವಾಸಂತಿಕಾ ದೇವಿಯ ಗುಡಿಯಿದೆ. ಹುಲಿ ಮೇಲೆರಗಿದಾಗ ಸುದತ್ತ ಮುನಿಗಳು ‘ಹೊಯ್ ಸಳ’ ಎಂದರೆಂದೂ ಸಳನು ಹೊಡೆದನೆಂದೂ ಹೇಳುವ ಐತಿಹ್ಯ ಈ ನೆಲದ್ದೇ. ರಾಜವಂಶದ ಹೆಸರೇ ಒಂದು ಆಜ್ಞೆ, ಒಂದು ವಿಧೇಯತೆ. ಆ ಹಿಂಸೆಯಲ್ಲಿ ಪಾಲು ಯಾರದು ಎಂಬ ಪ್ರಶ್ನೆಯನ್ನು ಐತಿಹ್ಯ ಕೇಳಿಕೊಳ್ಳುವುದಿಲ್ಲ, ಜೈನಶಾಸ್ತ್ರ ಕೇಳುತ್ತದೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಈ ಮೂರೂ ಕರ್ಮಾಸ್ರವಕ್ಕೆ ದಾರಿ. ಆತ್ಮರಕ್ಷಣೆಯ ವಿರೋಧಿ ಹಿಂಸೆ ಗೃಹಸ್ಥನಿಗೆ ಕ್ಷಮ್ಯವೆಂದು ಸಳನನ್ನು ಬಿಡಿಸಬಹುದು. ಆದರೆ ‘ಹೊಡೆದವನು ಆಳು, ನಾನಲ್ಲ’ ಎಂಬ ಸಮಾಧಾನಕ್ಕೆ ಶ್ರಾವಕಾಚಾರದಲ್ಲಿ ಎಡೆಯಿಲ್ಲ.

ಹೊಯ್ಸಳರ ಕಾಲಕ್ಕೆ ವೇಳೆವಾಳಿ ‘ಗರುಡ’ ಎಂಬ ಬಿರುದಿನಲ್ಲಿ ಪರಾಕಾಷ್ಠೆ ಮುಟ್ಟಿತು. 1220ರಲ್ಲಿ ಎರಡನೆಯ ವೀರಬಲ್ಲಾಳನು ಕಾಲವಾದಾಗ ಅವನ ದಂಡನಾಯಕ ಕುವರಲಕ್ಷ್ಮನು ಪ್ರತಿಜ್ಞೆಯಂತೆ ಪ್ರಾಣ ಬಿಟ್ಟನು. ಅವನ ಪತ್ನಿ ಸುಗ್ಗಲದೇವಿಯನ್ನೂ ವ್ರತ ತೊಟ್ಟ ಸಾವಿರ ವೀರರನ್ನೂ ಶಾಸನ ಅವನೊಡನೆ ಸೇರಿಸಿ ಹೇಳುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಂಗಳದಲ್ಲಿ ನಿಂತಿರುವ ಕಂಬದ ಮೇಲೆ ಈ ಬರಹವಿದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ವೀರರ ಕಿರುಶಿಲ್ಪಗಳೂ ಇವೆ. 2023ರಲ್ಲಿ ಆ ದೇವಾಲಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳಂತೂ ಒಂದೇ ಮನೆತನದವರು ತಲೆಮಾರುಗಳ ಕಾಲ ಹೊಯ್ಸಳ ಅರಸರೊಡನೆ ಮಡಿದುದಕ್ಕೆ ಸಾಕ್ಷಿ.

ಈ ಕಲ್ಲುಗಳ ಮುಂದೆ ನಿಂತವರಿಗೆ ತಲೆಬಾಗದೆ ಇರಲಾಗದು. ತಲೆಬಾಗಿದ ಮೇಲೆಯೂ ಒಂದು ಮಾತು ಉಳಿಯುತ್ತದೆ. ಗರುಡನು ಏನೇನು ಮಾಡಬೇಕೆಂಬುದು ಇಲ್ಲಿ ಸ್ಪಷ್ಟವಾಗಿದೆ. ಆದರೆ ಸಾವಿರ ಜನರ ಇಂತಹ ಪ್ರತಿಜ್ಞೆಯನ್ನು ಸ್ವೀಕರಿಸುವ ಅರಸನು ಏನು ಮಾಡಬೇಕು? ‘ಬೇಡ, ಬದುಕಿರಿ, ಮಗನ ರಾಜ್ಯವನ್ನು ಕಾಯಿರಿ’ ಎಂದು ಹೇಳುವ ಹೊಣೆ ಅವನದಲ್ಲವೇ? ಕಂಬ ಆ ವಿಷಯವನ್ನು ಎತ್ತುವುದಿಲ್ಲ.

ಅಂಗಡಿಯಲ್ಲಿಯೇ ಬೇರೆ ಬಗೆಯ ಮರಣದ ಕಲ್ಲುಗಳೂ ಇವೆ. ಸುಮಾರು 990ರಷ್ಟು ಹಿಂದಿನದು ವಿಮಲಚಂದ್ರ ಪಂಡಿತದೇವರ ನಿಷಿಧಿ. ವಿನಯಾದಿತ್ಯ ಹೊಯ್ಸಳನ ಗುರುಗಳಾದ ಶಾಂತಿದೇವರು ಸಮಾಧಿಮರಣ ಹೊಂದಿದ್ದು 1062ರಲ್ಲಿ. ಗರುಡನ ಸಾವನ್ನೂ ಸಲ್ಲೇಖನವನ್ನೂ ಹೊರಗಿನವರು ಕೆಲವೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗುವುದುಂಟು. ಎರಡೂ ಪ್ರತಿಜ್ಞಾಪೂರ್ವಕ, ಎರಡರಲ್ಲೂ ಭಯವಿಲ್ಲ ಎಂಬಷ್ಟೇ ಹೋಲಿಕೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುವಾಗ ಬದುಕಿನ ಆಸೆ, ಬೇಗ ಸಾಯುವ ಆಸೆ ಇವುಗಳೊಡನೆ ಮಿತ್ರಾನುರಾಗವನ್ನೂ ನಿದಾನವನ್ನೂ ಸೇರಿಸಿದೆ. ಆಪ್ತರ ಮೇಲಿನ ಮಮತೆ ಅಂತ್ಯಕಾಲದಲ್ಲಿ ದೋಷ. ‘ಇದರಿಂದ ನನಗೆ ಸ್ವರ್ಗ ಸಿಗಲಿ, ಭೋಗ ಸಿಗಲಿ’ ಎಂಬ ಎಣಿಕೆ ದೋಷ. ವೇಳೆವಾಳಿ ನಿಂತಿರುವುದೇ ಈ ಎರಡು ಕಾಲುಗಳ ಮೇಲೆ. ಒಡೆಯನ ಮೇಲಿನ ಅನುರಾಗ ಅದರ ಪ್ರಾಣ. ವೀರಸ್ವರ್ಗ ಮತ್ತು ಕೀರ್ತಿ ಅದರ ಫಲ.

ಗಡಿಗೆರೆ ಎಲ್ಲ ಕಡೆಯೂ ಇಷ್ಟು ನಿಚ್ಚಳವಾಗಿದೆಯೆಂದು ಹೇಳಲಾಗದು. 1131ರಲ್ಲಿ ಶಾಂತಲದೇವಿ ಶಿವಗಂಗೆಯಲ್ಲಿ ಕಾಲವಾದಳು. ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ಸಲ್ಲೇಖನ ಪೂರೈಸಿದಳು. ಆ ತಿಂಗಳಿನಲ್ಲಿ ಮಗಳ ನೆನಪು ಎಷ್ಟು ಹೊತ್ತು ಉಳಿಯಿತು, ಎಂದು ಬಿಟ್ಟುಹೋಯಿತು ಎಂಬುದು ಕೇವಲಜ್ಞಾನಿಗಳಿಗೆ ಮಾತ್ರ ತಿಳಿಯುವ ವಿಷಯ. ಶಾಸ್ತ್ರ ಕಟ್ಟುನಿಟ್ಟಾಗಿದೆ, ಮನುಷ್ಯರ ಎದೆ ಹಾಗಿಲ್ಲ.

ನಿಷ್ಠೆಯ ಸಂಕಟವನ್ನು ಕನ್ನಡದಲ್ಲಿ ಎಲ್ಲರಿಗಿಂತ ಆಳವಾಗಿ ಕಂಡವನು ಜೈನಕವಿಯೇ. 941ರ ವೇಳೆಗೆ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನಾದರೂ ಕರ್ಣನನ್ನು ಕಡೆಗಣಿಸಲಾರದೆ ಹೋದನು. ದಾಳದಾಟದ ನಡುವೆ ಭಾನುಮತಿಯ ಮುತ್ತಿನ ಹಾರ ಹರಿದು ಚೆಲ್ಲಿದ ಪ್ರಸಂಗ ಓದುಗರಿಗೆ ಗೊತ್ತಿರುವಂತಹುದು. ಆ ಪದ್ಯದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಸಾಕಷ್ಟು ವಾದಗಳಾಗಿವೆ. ಮೂಲಭಾವದಲ್ಲಿ ಸಂದೇಹವಿಲ್ಲ: ದುರ್ಯೋಧನನು ಸಂಶಯಪಡಲಿಲ್ಲ. ಆ ನಂಬಿಕೆಯ ಋಣವೇ ಕರ್ಣನನ್ನು ಕುರುಕ್ಷೇತ್ರದವರೆಗೆ ಎಳೆದುಕೊಂಡು ಹೋಯಿತು. ತನ್ನ ಹುಟ್ಟು ತಿಳಿದ ಮೇಲೂ ಅವನು ಪಕ್ಷ ಬದಲಿಸಲಿಲ್ಲ.

ಕರ್ಣನ ದುರಂತಕ್ಕೆ ಎಲ್ಲರೂ ಮರುಗುತ್ತಾರೆ. ಆದರೆ ಪೂಜ್ಯಪಾದಾಚಾರ್ಯರ ಅಳತೆಗೋಲಿನಲ್ಲಿ ಅವನ ನಿಷ್ಠೆ ಪೂರ್ಣವೇ? ಜೀವಗಳು ಪರಸ್ಪರ ಉಪಕಾರದಿಂದ ನಿಂತಿವೆ ಎಂಬ ತತ್ತ್ವಾರ್ಥದ ಸೂತ್ರ ಇಂದು ಜೈನ ಲಾಂಛನದ ಕೆಳಗೆ ಎಲ್ಲೆಡೆ ಕಾಣಿಸುತ್ತದೆ. ಅದನ್ನು ವಿವರಿಸುವಾಗ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮೊದಲು ಕೊಡುವ ಉದಾಹರಣೆ ತಾಯಿ-ಮಗುವಿನದಲ್ಲ, ಸ್ವಾಮಿ-ಭೃತ್ಯರದು. ಸ್ವಾಮಿ ತನ್ನ ವಿತ್ತವನ್ನು ತ್ಯಾಗಮಾಡಿ ಭೃತ್ಯರಿಗೆ ಉಪಕಾರ ಮಾಡುತ್ತಾನೆ. ಭೃತ್ಯರು ಹಿತವಾದುದನ್ನು ತಿಳಿಸಿ, ಅಹಿತವಾದುದನ್ನು ತಡೆದು ಸ್ವಾಮಿಗೆ ಉಪಕಾರ ಮಾಡುತ್ತಾರೆ. ಗುರುಶಿಷ್ಯರ ಮಾತು ಬರುವುದು ಆಮೇಲೆ.

ಇಲ್ಲಿ ಭೃತ್ಯನ ಕರ್ತವ್ಯದಲ್ಲಿ ಸಾಯುವುದು ಸೇರಿಲ್ಲ, ತಡೆಯುವುದು ಸೇರಿದೆ. ‘ಒಡೆಯಾ, ಇದು ತಪ್ಪು’ ಎನ್ನುವವನೇ ನಿಷ್ಠ. ದ್ಯೂತಸಭೆಯಲ್ಲಿ ಕರ್ಣನು ಆ ಮಾತನ್ನು ಆಡಿದ್ದರೆ ಹಾರದ ಮುತ್ತುಗಳ ಋಣ ಅಂದೇ ತೀರುತ್ತಿತ್ತು. ಆದರೆ ಹಾಗೆ ಹೇಳಿದ ಆಳನ್ನು ಮರುದಿನ ಕೆಲಸದಿಂದ ತೆಗೆಯದೆ ಇರುವುದು ಒಡೆಯನ ಪಾಲಿಗೆ ಬರುತ್ತದೆ. ಈ ಅರ್ಧವಿಲ್ಲದಿದ್ದರೆ ಮೊದಲಿನ ಅರ್ಧ ಬರಿಯ ಪುಸ್ತಕದ ಮಾತು.

ಒಡೆಯನು ತನ್ನ ಪಾಲನ್ನು ನೆನೆದ ಒಂದು ಕಲ್ಲೂ ಕರ್ನಾಟಕದಲ್ಲಿದೆ. ವಿಚಿತ್ರವೆಂದರೆ ಅಲ್ಲಿ ಸ್ಮರಣೆಗೆ ಪಾತ್ರವಾದದ್ದು ಮನುಷ್ಯನಲ್ಲ, ನಾಯಿ. 949ರ ತಕ್ಕೋಲದ ಯುದ್ಧದ ಬಳಿಕ ಗಂಗ ದೊರೆ ಬೂತುಗನು ತನ್ನ ಬಂಟ ಮಣಲೆರನಿಗೆ ಬೇಕಾದುದನ್ನು ಬೇಡೆಂದಾಗ, ಅವನು ಅರಸನ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಬೆಳತೂರಿನ ಗುಡ್ಡದಲ್ಲಿ ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಮಣಲೆರನು ಆತಕೂರಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಗೊರವನಿಗೆ ಪಾಪವೆಂದು ಬರೆಸಿದನು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಬೇಟೆಯನ್ನು ಮೆಚ್ಚುವಂತಿಲ್ಲ, ಹಂದಿಗೆ ಕಲ್ಲು ಹಾಕಿಸಿದವರೂ ಇಲ್ಲ. ಆದರೂ ತನಗಾಗಿ ಸತ್ತ ಪ್ರಾಣಿಯ ಋಣ ತನ್ನ ಮೇಲಿದೆ ಎಂದು ಬಲ್ಲ ಒಡೆಯನೊಬ್ಬ ಅಲ್ಲಿ ಕಾಣುತ್ತಾನೆ.

ಜೈನಧರ್ಮ ಈ ಋಣವನ್ನು ಒಡೆಯನ ಸ್ವಭಾವಕ್ಕೆ ಬಿಟ್ಟಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಯಲ್ಲಿ ಇವನ್ನು ಕಲಿಸುವಾಗ ಎತ್ತು, ಕುದುರೆಗಳ ಉದಾಹರಣೆ ಕೊಡುವುದು ವಾಡಿಕೆ. ಎತ್ತಿಲ್ಲದ ಮನೆಗಳಲ್ಲಿ ಮಕ್ಕಳು ಇವನ್ನು ಕಳೆದುಹೋದ ಕಾಲದ ಮಾತೆಂದು ತಿಳಿಯುತ್ತಾರೆ. ಕಟ್ಟುವುದಕ್ಕೆ ಹಗ್ಗವೇ ಬೇಕೆಂದಿಲ್ಲ. ಕಾಫಿ ತೋಟಗಳಲ್ಲಿ ಮೇಸ್ತ್ರಿಯ ಕೈಯಲ್ಲಿ ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಆಳುಗಳನ್ನು ಕರೆಸುತ್ತಿದ್ದ ಕಾಲವಿತ್ತು. ತೀರದ ಮುಂಗಡ ಎಷ್ಟು ಬಲವಾದ ಹಗ್ಗವೆಂಬುದು ಕಾನೂನಿಗೂ ಗೊತ್ತಾಗಿ, ಸಾಲಕ್ಕೆ ಪ್ರತಿಯಾಗಿ ಮನುಷ್ಯನನ್ನು ದುಡಿಮೆಗೆ ಕಟ್ಟುವ ಪದ್ಧತಿಯನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ನಿಷೇಧಿಸಿತು. ತೋಟದ ಕಾರ್ಮಿಕರಿಗೆ ಮನೆ, ಔಷಧೋಪಚಾರ, ಕುಡಿಯುವ ನೀರು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಒಡೆಯನ ಹೊಣೆಯೆಂದು 1951ರ ತೋಟ ಕಾರ್ಮಿಕ ಕಾಯಿದೆ ವಿಧಿಸಿತ್ತು. ಶತಮಾನಗಳ ಹಿಂದೆಯೇ ಬಂಧವನ್ನು ಅತಿಚಾರವೆಂದು ಬರೆದುಕೊಂಡವರಿಗೆ ಇವು ಹೊಸದಾಗಿ ಕಾಣಬಾರದಾಗಿತ್ತು.

ಗೊಬ್ಬರದ ಮೂಟೆ ಹೊತ್ತು ಇಳಿಜಾರು ಹತ್ತುವವನ ಬೆನ್ನಿನಲ್ಲಿ ಅತಿಭಾರಾರೋಪಣವಿದೆ. ವಾರದ ಬಟವಾಡೆಯನ್ನು ಸಂತೆಯ ಮರುದಿನಕ್ಕೆ ತಳ್ಳುವ ರೈಟರ ಪುಸ್ತಕದಲ್ಲಿ ಅನ್ನಪಾನನಿರೋಧವಿದೆ. ‘ಅದು ರೈಟರು ಮಾಡಿದ್ದು’ ಎಂದರೆ ಮತ್ತೆ ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಎರಡು ಬಾಗಿಲುಗಳು ತೆರೆದೇ ಇರುತ್ತವೆ.

ಇನ್ನೂ ಹೆಚ್ಚು ಯೋಚನೆಗೆ ಹಚ್ಚುವುದು ಐದನೆಯ ಅಣುವ್ರತ. ಪರಿಗ್ರಹದ ಪರಿಮಾಣ ಮಾಡಿಕೊಂಡವನು ಮಿತಿ ಮೀರಬಾರದ ವಸ್ತುಗಳ ಪಟ್ಟಿಯಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳಾದ ಮೇಲೆ ದಾಸಿ-ದಾಸರು ಬರುತ್ತಾರೆ. ಅವರ ನಂತರ ಬಟ್ಟೆ-ಪಾತ್ರೆಗಳು. ಶ್ವೇತಾಂಬರ ಪರಂಪರೆಯ ಉಪಾಸಕದಶಾದಲ್ಲಿ ದ್ವಿಪದ-ಚತುಷ್ಪದ ಎಂಬ ಹೆಸರಿನಲ್ಲಿ ಇದೇ ಮಾತಿದೆ. ಮನುಷ್ಯರನ್ನು ಧಾನ್ಯಕ್ಕೂ ಪಾತ್ರೆಗೂ ನಡುವೆ ಎಣಿಸಿದ್ದು ಇಂದಿನ ಓದುಗನಿಗೆ ಇರಿಸುಮುರಿಸು ಉಂಟುಮಾಡುತ್ತದೆ, ಮಾಡಬೇಕಾದದ್ದೇ. ಅದು ಮನುಷ್ಯರನ್ನು ಕೊಳ್ಳುತ್ತಿದ್ದ ಕಾಲದ ಭಾಷೆ. ಆದರೆ ಆ ಭಾಷೆಯೊಳಗೆ ಅಡಗಿದ ತಿಳಿವನ್ನು ಬಿಸಾಡುವುದು ಸರಿಯಲ್ಲ. ಇನ್ನೊಬ್ಬರ ದುಡಿಮೆಯ ಮೇಲಿನ ಅಧಿಕಾರವೂ ಒಂದು ಮೂರ್ಛೆ, ಬಂಗಾರದಷ್ಟೇ ಗಟ್ಟಿಯಾದ ಮೋಹ. ಅದನ್ನೂ ಎಣಿಸಿ ಮಿತಿಗೊಳಿಸಬೇಕು ಎಂಬುದು ಆ ತಿಳಿವು. ಕುವರಲಕ್ಷ್ಮನ ಹಿಂದೆ ಸಾವಿರ ಮಂದಿ ಇದ್ದುದು ಕಂಬಕ್ಕೆ ಹೆಮ್ಮೆ. ವ್ರತಧಾರಿ ಶ್ರಾವಕನಿಗೆ ಅಂತಹ ಸಂಖ್ಯೆಯೇ ಎಚ್ಚರಿಕೆ. ಏಳಕ್ಕಿಂತ ಹೆಚ್ಚು ಬಂಟರನ್ನು ಯಾರೂ ಇರಿಸಿಕೊಳ್ಳಕೂಡದೆಂದು 1981ರಲ್ಲಿ ಆಟಕ್ಕೆ ನಿಯಮ ಬರೆದವರಿಗೆ ಇದರ ಸುಳಿವೂ ಇದ್ದಿರಲಾರದು.

ಬಸದಿಗಳ ಆಡಳಿತ ಮಂಡಲಿಗಳು ಈ ವಿಷಯದಲ್ಲಿ ಮೊದಲು ತಮ್ಮ ಅಂಗಳವನ್ನೇ ನೋಡಿಕೊಳ್ಳಬಹುದು. ಬೆಳಗಿನ ಅಭಿಷೇಕಕ್ಕೆ ನೀರು ತರುವ ಇಂದ್ರರು, ಅಂಗಳ ಗುಡಿಸುವ ಹೆಂಗಸು, ರಾತ್ರಿಯ ಕಾವಲುಗಾರ ಇವರಿಗೆ ಕೊಡುವುದನ್ನು ‘ಸೇವೆ’ ಎಂಬ ಮಾತಿನಿಂದ ಕಡಿಮೆ ಮಾಡುವುದು ಸುಲಭ. ದೇವರ ಕೆಲಸ ಮಾಡುವವನು ಸಂಬಳ ಕೇಳಬಾರದೆಂಬ ಭಾವನೆ ಸಂಬಳ ಕೊಡುವವರಲ್ಲೇ ಹೆಚ್ಚು ಬಲವಾಗಿರುತ್ತದೆ. ಪಂಚಕಲ್ಯಾಣದ ಆಹ್ವಾನಪತ್ರಿಕೆಯ ಖರ್ಚು, ಮೆರವಣಿಗೆಯ ಖರ್ಚು ವಾರ್ಷಿಕ ಸಭೆಯಲ್ಲಿ ಪೈಸೆಪೈಸೆಯಾಗಿ ಓದಲ್ಪಡುತ್ತವೆ. ಆ ವರ್ಷ ಇಂದ್ರರ ಮನೆಯ ಮಾಡು ಸೋರಿತೇ ಎಂಬುದಕ್ಕೆ ಅಲ್ಲಿ ಸಾಲಿಲ್ಲ. ಪೂಜ್ಯಪಾದರು ಸ್ವಾಮಿಯ ಉಪಕಾರಕ್ಕೆ ಬಳಸಿದ ಮಾತು ವಿತ್ತತ್ಯಾಗ. ಹೊಗಳಿಕೆ, ಶಾಲು, ಹಾರಗಳ ಪ್ರಸ್ತಾಪ ಅವರಲ್ಲಿಲ್ಲ.

ತೋಟಗಳಲ್ಲಿ ಇಂದು ಕೊಯ್ಲಿಗೆ ಬರುವವರಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯವರೂ ಇದ್ದಾರೆ. ಹಂಗಾಮು ಮುಗಿದೊಡನೆ ಹೊರಟುಹೋಗುವ ಅವರಿಂದ ಹಳೆಯ ಕಾಲದ ನಿಷ್ಠೆಯನ್ನು ಯಾರೂ ಬಯಸುವುದಿಲ್ಲ. ‘ಈಗಿನವರಿಗೆ ನಿಯತ್ತಿಲ್ಲ’ ಎಂಬ ಮಾತು ಮಾತ್ರ ಜಗಲಿಗಳಲ್ಲಿ ಕೇಳಿಸುತ್ತದೆ. ಆ ಮಾತು ಆಡುವ ಮನೆಯ ಹಿಂದೆಯೇ ಲೈನ್‌ಮನೆಯಲ್ಲಿ ಎರಡು-ಮೂರು ತಲೆಮಾರು ಕಾಫಿ ಕೊಯ್ದ, ಕಪಾತು ಮಾಡಿದ ಕುಟುಂಬದ ಮುದುಕರು ಇರುವುದುಂಟು. ಲೈನ್‌ಮನೆ ಕೆಲಸದ ಜೊತೆಗಿನ ಮನೆ. ದುಡಿಯುವ ಕೈ ನಿಂತರೆ ಮನೆಯ ಮೇಲಿನ ಹಕ್ಕೂ ನಿಲ್ಲುತ್ತದೆ. ಹೊಲದ ಪತ್ರ, ಬಂಗಾರದ ಚೀಟಿ, ದಾಸಿ-ದಾಸರ ಸಂಖ್ಯೆ ಎಲ್ಲವನ್ನೂ ಎಣಿಸಿ ವ್ರತ ತೆಗೆದುಕೊಳ್ಳುವ ಗೃಹಸ್ಥನು ಆ ಮುದುಕರ ಹೆಸರಿಗೆ ಹತ್ತು ಗುಂಟೆ ಜಾಗವನ್ನೋ, ಸಾಯುವವರೆಗೆ ಇರಲು ಒಂದು ಕಾಗದವನ್ನೋ ಮಾಡಿಸಿಕೊಟ್ಟರೆ ಅದಕ್ಕೆ ವಕೀಲರ ಫೀಸು, ನೋಂದಣಿಯ ಶುಲ್ಕ, ತಾಲ್ಲೂಕು ಕಚೇರಿಗೆ ನಾಲ್ಕು ಸಲ ಓಡಾಟ ಬೇಕಾಗುತ್ತದೆ. ಚಾತುರ್ಮಾಸದ ಮಳೆ ನಿಂತ ಮೇಲೆ, ಕೊಯ್ಲು ಆರಂಭವಾಗುವ ಮೊದಲು ಆ ಓಡಾಟಕ್ಕೆ ಬಿಡುವಿರುತ್ತದೆ.